ನಾಲಗೆಯ ಸಾಕ್ಷ್ಯ ಸಾಲದು

ಪೆರ್ಲದ ಕಡೆಯ ತಾಯಿಯೊಬ್ಬರು ಕಳೆದ ತಿಂಗಳು ನಮಗೊಂದು ಪತ್ರ ಬರೆದಿದ್ದಾರೆ. ಮಂಗಳೂರಿನ ಕಾಲೇಜಿನಲ್ಲಿ ಓದುತ್ತಿರುವ ಅವರ ಮಗ ಶನಿವಾರ ಊರಿಗೆ ಹೊರಡುವಾಗ ಶವರ್ಮ ಕಟ್ಟಿಸಿಕೊಂಡು ಬರುತ್ತಾನಂತೆ. ಎರಡು ಬಸ್ಸು ಹತ್ತಿಳಿದು ಮನೆ ಸೇರುವಾಗ ರಾತ್ರಿಯಾಗಿರುತ್ತದೆ. ತಂಗಿಯೊಡನೆ ಹಂಚಿಕೊಂಡು ತಿಂದು, ಉಳಿದುದನ್ನು ಫ್ರಿಜ್ಜಿನಲ್ಲಿಟ್ಟು, ಮರುದಿನ ಬಿಸಿಮಾಡಿ ಮುಗಿಸುತ್ತಾರಂತೆ. "ಬೇಡ ಮಗಾ ಎಂದರೆ, 'ಮೂಸಿ ನೋಡಮ್ಮಾ, ಹಾಳಾಗಿದೆಯೇ?' ಎಂದು ನನ್ನ ಮೂಗಿನ ಹತ್ತಿರವೇ ಹಿಡಿಯುತ್ತಾನೆ. ಹಾಳಾದ ವಾಸನೆಯೇನೂ ಬರುವುದಿಲ್ಲ. ನಾನು ಅವನಿಗೆ ಏನು ಹೇಳಲಿ ಮಾಷ್ಟ್ರೇ?" ಎಂಬುದು ಆ ತಾಯಿಯ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಬರೆಯುವ ಮುನ್ನ ನಮ್ಮದೇ ಒಂದು ತಪ್ಪನ್ನು ಓದುಗರ ಮುಂದಿಡುವುದು ನ್ಯಾಯವೆಂದು ತೋರುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರಾದ ನಮಗೆ ಮಧ್ಯಾಹ್ನದ ಊಟದ ಹೊಣೆಯೂ ಇದೆ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ಅಡುಗೆಯನ್ನು ರುಚಿ ನೋಡಬೇಕೆಂಬುದು ನಿಯಮ. ಎಷ್ಟೋ ವರ್ಷಗಳಿಂದ ನಾವು ಈ ಕಾರ್ಯವನ್ನು ತಪ್ಪದೆ ಮಾಡುತ್ತ ಬಂದಿದ್ದೇವೆ. ಒಂದು ಸೌಟು ಸಾಂಬಾರನ್ನು ಅಂಗೈಗೆ ಸುರಿದುಕೊಂಡು ನೆಕ್ಕಿ, "ಆಗಬಹುದು" ಎಂದು ತಲೆಯಾಡಿಸಿದ ಮೇಲೆಯೇ ಮಕ್ಕಳ ತಟ್ಟೆಗಳ ಸದ್ದು ಏಳುವುದು. ನಮ್ಮ ನಾಲಗೆಯ ಮೇಲೆ ನಮಗೆ ಬಹಳ ವಿಶ್ವಾಸವಿತ್ತು.

ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಕರೆದುಕೊಂಡು ಮೂಡಬಿದಿರೆಯ ಸಾವಿರ ಕಂಬದ ಬಸದಿಗೂ ಪಿಲಿಕುಳಕ್ಕೂ ಪ್ರವಾಸ ಹೋಗಿದ್ದೆವು. ಹೋಟೆಲಿನ ಊಟ ದುಬಾರಿಯೆಂದು ಬೆಳ್ತಿಗೆ ಅಕ್ಕಿಯ ಚಿತ್ರಾನ್ನವನ್ನು ಮುಂಜಾವದ ಮೂರು ಗಂಟೆಗೇ ಮಾಡಿಸಿ, ಬಿಸಿಬಿಸಿಯಾಗಿ ದೊಡ್ಡ ಪಾತ್ರೆಗೆ ತುಂಬಿ, ಮುಚ್ಚಳ ಬಿಗಿದು ಬಸ್ಸಿಗೆ ಏರಿಸಿದೆವು. ಅಡುಗೆಯ ಅಕ್ಕ ಅಷ್ಟರಲ್ಲೇ ಹೇಳಿದ್ದರು: "ಮಾಷ್ಟ್ರೇ, ಹತ್ತು ಗಂಟೆಯೊಳಗೆ ಮಕ್ಕಳಿಗೆ ತಿನ್ನಿಸಿಬಿಡಿ." ನಾವು ಹೂಂಗುಟ್ಟಿದೆವು. ಆದರೆ ಬಸದಿಯಲ್ಲಿ ಹೊತ್ತಾಯಿತು, ದಾರಿಯಲ್ಲಿ ಹೊತ್ತಾಯಿತು. ಪಾತ್ರೆಯ ಮುಚ್ಚಳ ತೆರೆದಾಗ ಮಧ್ಯಾಹ್ನ ಒಂದೂವರೆ. ನಿಯಮದಂತೆ ಒಂದು ತುತ್ತನ್ನು ಬಾಯಿಗೆ ಹಾಕಿಕೊಂಡು ನೋಡಿದೆವು. ಹುಳಿಯಿಲ್ಲ, ವಾಸನೆಯಿಲ್ಲ, ಅನ್ನ ಅಂಟಾಗಿಯೂ ಇಲ್ಲ. "ಬಡಿಸಿ" ಎಂದೆವು.

ನಾಲ್ಕು ಗಂಟೆಯ ಹೊತ್ತಿಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗ ವಾಂತಿ ಮಾಡಿದ. ತಲಪಾಡಿ ದಾಟುವಷ್ಟರಲ್ಲಿ ಅವನಂತೆಯೇ ಹನ್ನೊಂದು ಮಕ್ಕಳು. ನಮ್ಮ ಹೊಟ್ಟೆಯಲ್ಲಿಯೂ ತಳಮಳ. ಆಸ್ಪತ್ರೆಯ ವೈದ್ಯರು ಹೆಚ್ಚಿನವರನ್ನು ಉಪ್ಪು ಸಕ್ಕರೆಯ ನೀರು ಕುಡಿಸಿ ಕಳುಹಿದರು. ಐದನೆಯ ತರಗತಿಯ ಒಂದು ಸಣ್ಣ ಹುಡುಗಿಗೆ ಮಾತ್ರ ರಾತ್ರಿಯಿಡೀ ಡ್ರಿಪ್ಸ್ ಹಾಕಬೇಕಾಯಿತು. ಅವಳ ತಂದೆ ಕೂಲಿ ಕೆಲಸ ಮುಗಿಸಿ ಓಡಿಬಂದವರು, ಬೈಯಲಿಲ್ಲ. "ನಿಮ್ಮ ಜೊತೆಯಲ್ಲಿದ್ದಾಳೆ ಎಂದು ನಾವು ನಿಶ್ಚಿಂತೆಯಿಂದ ಇದ್ದೆವು ಮಾಷ್ಟ್ರೇ" ಎಂದಷ್ಟೇ ಹೇಳಿದರು. ಮಗು ಬೆಳಗಾಗುವಾಗ ಎದ್ದು ಕುಳಿತು ಚಹಾ ಬೇಕೆಂದಿತು. ಆದರೆ ಆ ಮಾತು ನಮ್ಮ ಕಿವಿಯಿಂದ ಇಂದಿಗೂ ಹೋಗಿಲ್ಲ.

ಆ ರಾತ್ರಿ ವೈದ್ಯರು ನಮಗೆ ತಿಳಿಯಪಡಿಸಿದ ಸಂಗತಿ ಇದು. ಅಕ್ಕಿಯಲ್ಲಿ ಸಹಜವಾಗಿಯೇ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಾಣುಗಳು ಇರುತ್ತವೆ. ಗಟ್ಟಿ ಕವಚದೊಳಗೆ ನಿದ್ರಿಸುವ ಇವು ಅನ್ನ ಕುದಿಯುವಾಗಲೂ ಸಾಯುವುದಿಲ್ಲ. ಬಿಸಿ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟರೆ ಅದು ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿಯುತ್ತದೆ. ಆ ಬೆಚ್ಚನೆಯಲ್ಲಿ ಬೀಜಾಣುಗಳು ಎಚ್ಚತ್ತು ಬೆಳೆದು ವಾಂತಿ ತರಿಸುವ ವಿಷವೊಂದನ್ನು ಅನ್ನದಲ್ಲಿ ಬಿಡುತ್ತವೆ. ಈ ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಮತ್ತೆ ಕುದಿಸಿದರೂ ಅದು ಅಳಿಯುವುದಿಲ್ಲ. ಅಡುಗೆಯ ಅಕ್ಕ ಪುಸ್ತಕ ಓದಿದವರಲ್ಲ. ಆದರೂ ಅವರು ಗಡಿಯಾರವನ್ನು ನಂಬಿದ್ದರು. ಶಿಕ್ಷಕ ತರಬೇತಿ ಪಡೆದು ವಿಜ್ಞಾನ ಪಾಠ ಮಾಡುವ ನಾವು ನಾಲಗೆಯನ್ನು ನಂಬಿದೆವು.

ಅಂದು ನಮ್ಮ ಮಕ್ಕಳು ಪಾರಾದರು. ಎಲ್ಲರ ಮಕ್ಕಳೂ ಹಾಗೆ ಪಾರಾಗುವುದಿಲ್ಲವೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2022ರ ಮೇ 1ರಂದು, ಜಿಲ್ಲೆಯ ದಕ್ಷಿಣ ಭಾಗದ ಚೆರುವತ್ತೂರಿನಲ್ಲಿ ಶವರ್ಮ ತಿಂದಿದ್ದ 16 ವರ್ಷದ ವಿದ್ಯಾರ್ಥಿನಿಯೊಬ್ಬಳು ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅದೇ ಅಂಗಡಿಯ ತಿನಿಸು ತಿಂದ 50ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ರೋಗಿಗಳ ಪರೀಕ್ಷೆಯಲ್ಲಿ ಶಿಗೆಲ್ಲಾ ಎಂಬ ರೋಗಾಣು ಕಂಡುಬಂತು. ಅಂಗಡಿಯಿಂದ ಸಂಗ್ರಹಿಸಿದ ಕೋಳಿ ಶವರ್ಮದಲ್ಲಿ ಶಿಗೆಲ್ಲಾದ ಜತೆಗೆ ಸಾಲ್ಮೊನೆಲ್ಲಾವೂ, ಮೆಣಸಿನ ಪುಡಿಯಲ್ಲಿ ಸಾಲ್ಮೊನೆಲ್ಲಾವೂ ಇದ್ದುದು ಪ್ರಯೋಗಾಲಯದಲ್ಲಿ ದೃಢಪಟ್ಟಿತು. ಅಂದು ಅದನ್ನು ತಿಂದ ಐವತ್ತು ಮಂದಿಯೂ ಮೂಗುಳ್ಳವರೇ, ನಾಲಗೆಯುಳ್ಳವರೇ. ಕೆಟ್ಟುಹೋದುದೆಂದು ತಿಳಿದಿದ್ದರೆ ಯಾರು ತಾನೇ ತಿನ್ನುತ್ತಿದ್ದರು?

ಈ ಎರಡು ರೋಗಾಣುಗಳು ಆ ಮಾಂಸಕ್ಕೆ ಬರುವ ದಾರಿಗಳನ್ನು ತಿಳಿದರೆ ಅರ್ಧ ಪಾಠ ಮುಗಿದಂತೆ. ಸಾಲ್ಮೊನೆಲ್ಲಾ ಕೋಳಿಯ ಕರುಳಿನಲ್ಲಿ ಸಾಮಾನ್ಯವಾಗಿ ವಾಸಿಸುವುದು. ಕೋಳಿ ಕಡಿಯುವಾಗ ಮಾಂಸಕ್ಕೂ, ಹಿಕ್ಕೆಯ ಮೂಲಕ ಮೊಟ್ಟೆಯ ಚಿಪ್ಪಿಗೂ ತಗಲುತ್ತದೆ. ಶಿಗೆಲ್ಲಾದ ಕಥೆ ಬೇರೆ. 1897ರಲ್ಲಿ ಜಪಾನಿನಲ್ಲಿ ರಕ್ತಭೇದಿಯ ದೊಡ್ಡ ಪಿಡುಗೊಂದು ಹಬ್ಬಿದಾಗ ಕಿಯೋಶಿ ಶಿಗಾ ಎಂಬ ವೈದ್ಯವಿಜ್ಞಾನಿ ಇದನ್ನು ಕಂಡುಹಿಡಿದರು. ಹೆಸರು ಬಂದುದು ಅವರಿಂದಲೇ. ಇದರ ಮುಖ್ಯ ನೆಲೆ ಕೋಳಿಯಲ್ಲ, ಮನುಷ್ಯನ ಕರುಳು. ಆದುದರಿಂದ ಬೆಂದ ಮಾಂಸದಲ್ಲಿ ಶಿಗೆಲ್ಲಾ ಸಿಕ್ಕಿತೆಂದರೆ, ಶೌಚದ ನಂತರ ಸೋಪು ಕಾಣದ ಯಾರದೋ ಕೈಯೋ, ಮಲಿನವಾದ ನೀರೋ, ನೊಣವೋ ಅದನ್ನು ಮುಟ್ಟಿತ್ತೆಂದು ಅರ್ಥ. ಇತರ ಎಷ್ಟೋ ರೋಗಾಣುಗಳು ಸಾವಿರಗಟ್ಟಲೆ ಒಳಹೊಕ್ಕರೆ ಮಾತ್ರ ರೋಗ ತಂದಾವು. ಶಿಗೆಲ್ಲಾಕ್ಕೆ ಹತ್ತರಿಂದ ನೂರು ಜೀವಾಣುಗಳೇ ಸಾಕು. ಉಗುರಿನ ಸಂದಿಯಲ್ಲಿ ಅಷ್ಟು ಅಡಗಿರುವುದು ಕಷ್ಟವೇನಲ್ಲ.

ಇನ್ನು ಶವರ್ಮ ತಯಾರಾಗುವ ಬಗೆ. ತಿರುಗಿಸುವುದೆಂಬ ಅರ್ಥದ ತುರ್ಕಿ ಶಬ್ದದಿಂದ ಬಂದ ಹೆಸರು ಇದು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ನಮ್ಮ ಜನರು ಅಲ್ಲಿ ಇದರ ರುಚಿ ಹತ್ತಿಸಿಕೊಂಡರು. ಈಗ ಕುಂಬಳೆ, ಉಪ್ಪಳ, ಬದಿಯಡ್ಕಗಳ ಪೇಟೆಯಲ್ಲಿಯೂ ಸಂಜೆಯಾದರೆ ಇದರ ಘಮ. ನಿಲ್ಲಿಸಿದ ಕಂಬಿಗೆ ಮಾಂಸದ ತುಂಡುಗಳನ್ನು ಒತ್ತಿ ಪೋಣಿಸಿ, ಬೆಂಕಿಯೆದುರು ತಿರುಗಿಸಿ, ಬೆಂದ ಹೊರಪದರವನ್ನು ಕತ್ತಿಯಿಂದ ಸವರಿ ತೆಗೆಯುತ್ತಾರೆ. ಹೊರಗೆ ಬೆಂದಾಗ ಒಳಗೆ ಬರಿಯ ಬೆಚ್ಚಗೆ. ಗಿರಾಕಿಗಳ ನೂಕುನುಗ್ಗಲಿನಲ್ಲಿ ಬೆಂಕಿಗಿಂತ ಕತ್ತಿ ಮುಂದೆ ಓಡಿದರೆ ಅರೆಬೆಂದ ಪದರವೂ ರೊಟ್ಟಿಯೊಳಗೆ ಸೇರುತ್ತದೆ. ಕೋಳಿಮಾಂಸದ ಒಳಗಿನ ಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಲ್ಮೊನೆಲ್ಲಾ ಉಳಿಯದು. ಆದರೆ ಕಂಬಿಯ ಒಳಪದರದ ಶಾಖವನ್ನು ಅಳೆದವರಾರು? ಬೆಂಕಿ ಆರಿಸಿಟ್ಟು ಉಳಿದ ಮಾಂಸಕ್ಕೆ ಮರುದಿನ ಹೊಸ ಮಾಂಸ ಪೋಣಿಸಿದರೆ ಅಪಾಯ ಇನ್ನೂ ಹೆಚ್ಚು. ಅದರ ಮೇಲೆ ಹಚ್ಚುವ ಮೇಯನೈಸ್ ಹಸಿ ಮೊಟ್ಟೆಯಿಂದ ಕಡೆದದ್ದಾದರೆ, ಅದು ಬೆಂಕಿಯನ್ನು ಕಂಡದ್ದೇ ಇಲ್ಲ.

ದೋಷ ಶವರ್ಮವೆಂಬ ಹೆಸರಿನಲ್ಲಿಲ್ಲ. ಶಾಖ, ಸಮಯ, ಕೈ ಈ ಮೂರನ್ನು ಕಡೆಗಣಿಸುವುದರಲ್ಲಿದೆ. ಇದು ಒಂದೇ ಅಂಗಡಿಯ ಮಾತೂ ಅಲ್ಲ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಹಲವು ಜಿಲ್ಲೆಗಳಿಂದ ತರಿಸಿ ಪರೀಕ್ಷಿಸಿದ 17 ಶವರ್ಮ ಮಾದರಿಗಳಲ್ಲಿ 9 ಮಾತ್ರ ತಿನ್ನಲು ಯೋಗ್ಯವಾಗಿದ್ದುವು. ನಮ್ಮ ಮಕ್ಕಳು ಗಡಿಯ ಆಚೆ ಓದಲಿ, ಈಚೆ ಓದಲಿ, ರೋಗಾಣುಗಳಿಗೆ ತಲಪಾಡಿಯ ಗೇಟು ಅಡ್ಡಿಯಾಗುವುದಿಲ್ಲ.

ಈಗ ಒಂದು ಸಣ್ಣ ಲೆಕ್ಕ. ಲೆಕ್ಕವಿಲ್ಲದ ಮಾಷ್ಟ್ರ ಮಾತು ಉಪ್ಪಿಲ್ಲದ ಗಂಜಿ. 5 ಡಿಗ್ರಿಗಿಂತ ಮೇಲೆ, 60 ಡಿಗ್ರಿಗಿಂತ ಕೆಳಗೆ ರೋಗಾಣುಗಳು ಬೆಳೆಯಬಲ್ಲವು. ನಮ್ಮ ಕರಾವಳಿಯ ಸೆಕೆಯಂತೂ ಅವಕ್ಕೆ ತವರುಮನೆ. ಅನುಕೂಲವಾದ ಬೆಚ್ಚನೆಯಲ್ಲಿ ಒಂದು ಜೀವಾಣು ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಹಾಗಾದರೆ ಒಂದು ಗಂಟೆಗೆ 8, ಎರಡು ಗಂಟೆಗೆ 64, ನಾಲ್ಕು ಗಂಟೆಗೆ 4,096. ಎಂಟು ಗಂಟೆಗೆ? ಮಕ್ಕಳಿಂದ ಮಾಡಿಸಿ ನೋಡಿ: 1,67,77,216. ಮಂಗಳೂರಿನಲ್ಲಿ ಸಂಜೆ ಕಟ್ಟಿಸಿದ ಪೊಟ್ಟಣ ರಾತ್ರಿ ಪೆರ್ಲದಲ್ಲಿ ಬಿಚ್ಚುವಾಗ ಈ ಲೆಕ್ಕ ಎಲ್ಲಿಗೆ ಮುಟ್ಟಿರಬಹುದು? ಫ್ರಿಜ್ಜು ಈ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ಅದುವರೆಗೆ ಬೆಳೆದುದನ್ನು ಕೊಲ್ಲುವುದಿಲ್ಲ.

"ಮತ್ತೆ ಚೆನ್ನಾಗಿ ಬಿಸಿಮಾಡಿದರಾಯಿತಲ್ಲ" ಎಂದು ಮಗ ಕೇಳುವನು. ಇಲ್ಲಿಯೇ ಸೂಕ್ಷ್ಮವಿದೆ. ಬಿಸಿ ಮಾಡಿದರೆ ರೋಗಾಣು ಸತ್ತೀತು, ಅದು ಬಿಟ್ಟ ವಿಷ ಸಾಯದೆ ಇರಬಹುದು. ನಮ್ಮ ಮೂಗಿನಲ್ಲಿ, ಚರ್ಮದ ಗಾಯದಲ್ಲಿ ವಾಸಿಸುವ ಸ್ಟ್ಯಾಫಿಲೋಕಾಕಸ್ ಎಂಬುದು ಬೆರಳಿನಿಂದ ಅಡುಗೆಗಿಳಿದು ಬಿಡುವ ವಿಷ ಅರ್ಧ ಗಂಟೆ ಕುದಿಸಿದರೂ ಉಳಿಯಬಲ್ಲುದು. ನಮ್ಮ ಪ್ರವಾಸದ ಚಿತ್ರಾನ್ನದ ವಿಷವೂ ಈ ಜಾತಿಯದೇ. ಬೆರಳಿಗೆ ಗಾಯವಾದವರು ಅಡುಗೆ ಮುಟ್ಟಬಾರದೆಂಬ ಎಚ್ಚರಿಕೆಗೆ ಇದುವೇ ಕಾರಣ.

ಮಾಂಸದ ವಿಷದ ಚರಿತ್ರೆಯಲ್ಲಿ ಇನ್ನೊಂದು ಹೆಸರು ಪ್ರಸಿದ್ಧವಾದುದು. ಲ್ಯಾಟಿನ್ ಭಾಷೆಯಲ್ಲಿ ಬೊಟುಲಸ್ ಎಂದರೆ ಕರುಳಿನೊಳಗೆ ತುಂಬಿದ ಮಾಂಸ, ಅಂದರೆ ಇಂದಿನ ಸಾಸೇಜು. ಜರ್ಮನಿಯಲ್ಲಿ ಅದನ್ನು ತಿಂದವರ ಕಣ್ಣು ಮಂಜಾಗಿ, ನಾಲಗೆ ತೊದಲಿ, ಉಸಿರು ನಿಂತು ಸಾಯುತ್ತಿದ್ದುದನ್ನು ಯುಸ್ಟಿನಸ್ ಕೆರ್ನರ್ ಎಂಬ ವೈದ್ಯ 1820ರ ಸುಮಾರಿಗೆ ವಿವರವಾಗಿ ಬರೆದಿಟ್ಟರು. 1895ರಲ್ಲಿ ಬೆಲ್ಜಿಯಮಿನ ಹಳ್ಳಿಯೊಂದರಲ್ಲಿ ಶವಸಂಸ್ಕಾರಕ್ಕೆ ಬಂದ ವಾದ್ಯಗಾರರು ಉಪ್ಪಿನಲ್ಲಿಟ್ಟ ಹಂದಿಮಾಂಸ ತಿಂದು ಅದೇ ರೋಗಕ್ಕೆ ತುತ್ತಾದಾಗ, ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸದೊಳಗಿನ ರೋಗಾಣುವನ್ನು ಹಿಡಿದರು. ಗಾಳಿಯಿಲ್ಲದ ಕಡೆ ಬೆಳೆಯುವ ಈ ರೋಗಾಣು ಸಾಸೇಜಿನೊಳಗೆ, ಡಬ್ಬಿಯೊಳಗೆ ಬೆಳೆಯಬಲ್ಲುದು. ಸಂಸ್ಕರಿಸಿದ ಮಾಂಸಕ್ಕೆ ನೈಟ್ರೈಟ್ ಎಂಬ ಲವಣ ಸೇರಿಸುವುದಕ್ಕೆ ಇದರ ಭಯವೂ ಒಂದು ಕಾರಣ. ಉಬ್ಬಿದ ಡಬ್ಬಿಯನ್ನು ತೆರೆಯಬೇಡಿ, ಎಸೆಯಿರಿ. ಇದರ ಬೀಜಾಣು ಜೇನಿನಲ್ಲಿಯೂ ಇರಬಹುದಾದುದರಿಂದ ಒಂದು ವರ್ಷದೊಳಗಿನ ಶಿಶುವಿನ ನಾಲಗೆಗೆ ಜೇನು ಸವರುವ ನಮ್ಮ ಪದ್ಧತಿಯನ್ನು ಅಜ್ಜಿಯಂದಿರು ದಯಮಾಡಿ ಬಿಡಬೇಕು.

"ನಮ್ಮದು ಸಸ್ಯಾಹಾರಿಗಳ ಮನೆ, ಈ ತಿಂಗಳ ಮಾತು ನಮಗಲ್ಲ" ಎಂದು ಪುಟ ಮಗುಚಬೇಡಿ. ನಮ್ಮ ಹನ್ನೊಂದು ಮಕ್ಕಳನ್ನು ಮಲಗಿಸಿದ್ದು ಮಾಂಸವಲ್ಲ, ಚಿತ್ರಾನ್ನ. ಚೆರುವತ್ತೂರಿನ ಪರೀಕ್ಷೆಯಲ್ಲಿ ಮೆಣಸಿನ ಪುಡಿಯಲ್ಲಿಯೂ ಸಾಲ್ಮೊನೆಲ್ಲಾ ಇತ್ತೆಂಬುದನ್ನು ನೆನೆಯಿರಿ. ನಾವು ಅಂಗಳದಲ್ಲಿ ಮೆಣಸು ಒಣಗಿಸುವಾಗ ಕೋಳಿ, ಕಾಗೆ, ಓತಿಗಳು ಅದರ ಮೇಲೆ ಓಡಾಡುವುದಿಲ್ಲವೇ? ಬಲೆ ಹೊದೆಸಿದ ಶುದ್ಧ ಹಾಸಿನ ಮೇಲೆ ಒಣಗಿಸುವುದು ನಮ್ಮ ಆರೋಗ್ಯಕ್ಕೂ ಒಳ್ಳೆಯದು, ಮಾಲಿನ ಬೆಲೆಗೂ ಒಳ್ಳೆಯದು. ಹಾಗೆಯೇ ಮರಗೆಣಸಿನಲ್ಲಿ ಸಯನೈಡನ್ನು ಹುಟ್ಟಿಸುವ ಪದಾರ್ಥ ಸಹಜವಾಗಿಯೇ ಇದೆ. ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಮುಚ್ಚಳವಿಡದೆ ಬೇಯಿಸಿ, ಆ ನೀರನ್ನು ಚೆಲ್ಲುವ ರೂಢಿ ಹಿರಿಯರು ಸುಮ್ಮನೆ ಮಾಡಿದ್ದಲ್ಲ. ಕಹಿಯಾದ ಗೆಣಸನ್ನು ಬಾಯಿಗೇ ಇಡಬೇಡಿ. ಇಲ್ಲಿ ಮಾತ್ರ ನಾಲಗೆ ನಮಗೊಂದು ಉಪಕಾರ ಮಾಡುತ್ತದೆ. ಮೀನು ತಿನ್ನುವ ಮನೆಯವರಿಗೂ ಒಂದು ಮಾತು: ಮಂಜುಗಡ್ಡೆಯಿಲ್ಲದೆ ಬಿಸಿಲಲ್ಲಿ ಕುಳಿತ ಬಂಗುಡೆ, ಬೂತಾಯಿಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ, ಸಾರು ಎಷ್ಟು ಕುದಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುವುದು ಇದರ ಗುರುತು.

ಚೆರುವತ್ತೂರಿನ ದುರಂತದ ನಂತರ ಕೇರಳ ಸರಕಾರ ಶವರ್ಮ ತಯಾರಿಕೆಗೆ ನಿಯಮಗಳನ್ನು ಮಾಡಿತು. 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮೇಯನೈಸನ್ನು ನಿಷೇಧಿಸಿತು. ಹೋಟೆಲಿನ ಪಾರ್ಸೆಲಿನ ಮೇಲೆ ತಯಾರಾದ ಸಮಯವನ್ನೂ ಎಷ್ಟರೊಳಗೆ ತಿನ್ನಬೇಕೆಂಬುದನ್ನೂ ತಿಳಿಸುವ ಚೀಟಿ ಇರಬೇಕೆಂದು ಆಜ್ಞೆ ಮಾಡಿತು. ಒಳ್ಳೆಯ ಕ್ರಮವೇ. ಆದರೆ ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರ ಕೈಗೆ ಬರುವ ಚೀಟಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಅವರಿಗೆ ಅದು ಬರಿಯ ಕಾಗದ. ಮೊಮ್ಮಕ್ಕಳು ಚೀಟಿಯನ್ನು ಓದಿ ಹೇಳುವ ರೂಢಿ ಮನೆಮನೆಯಲ್ಲಿ ಬೆಳೆಯಲಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಅಂಗಡಿಯವರಲ್ಲಿ ಕನ್ನಡದಲ್ಲಿಯೂ ಒಂದು ಸಾಲು ಬರೆಯಿರೆಂದು ಸೌಜನ್ಯದಿಂದ ಕೇಳಿರಿ. ಭಾಷೆಯ ಅಭಿಮಾನಕ್ಕಾಗಿ ಮಾತ್ರವಲ್ಲ, ಹೊಟ್ಟೆಯ ಕ್ಷೇಮಕ್ಕಾಗಿ. ಚೀಟಿಯೇ ಇಲ್ಲದಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: "ಎಷ್ಟು ಗಂಟೆಗೆ ಮಾಡಿದ್ದು?"

ಮನೆಯಲ್ಲಿ ಪಾಲಿಸಬೇಕಾದುದು ಹೆಚ್ಚಿಲ್ಲ. ಶೌಚದ ನಂತರ, ಅಡುಗೆಯ ಮುನ್ನ, ಊಟದ ಮುನ್ನ ಸೋಪಿನಿಂದ ಕೈ ತೊಳೆಯುವುದು. ಹಸಿ ಮಾಂಸ ಹೆಚ್ಚಿದ ಮಣೆಯಲ್ಲಿ ತರಕಾರಿ ಹೆಚ್ಚದಿರುವುದು. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ರಭಸದಿಂದ ತೊಳೆದು ಹನಿಗಳನ್ನು ಅಡುಗೆಮನೆಗೆಲ್ಲ ಹಾರಿಸದಿರುವುದು. ಮಾಂಸವನ್ನು ಒಳಗಿನವರೆಗೆ ಬೇಯಿಸುವುದು. ಮಾಡಿದ ಅಡುಗೆಯನ್ನು ಎರಡು ಗಂಟೆಯೊಳಗೆ ಉಣ್ಣುವುದು. ಉಳಿದರೆ ಅಗಲವಾದ ಪಾತ್ರೆಗೆ ಹರಡಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡುವುದು. ಮದುವೆ, ಕಳಿಯಾಟಗಳ ದೊಡ್ಡ ಕೊಪ್ಪರಿಗೆಯ ಮಾಂಸದ ಸಾರಿಗೂ, ಸತ್ರದ ಪಾಯಸಕ್ಕೂ ಇದೇ ಮಾತು.

ಇಷ್ಟಾಗಿಯೂ ವಾಂತಿಭೇದಿ ತಗಲಿದರೆ, ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಸಮ ಚಹಾಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಿರಿ. ಮಲದಲ್ಲಿ ರಕ್ತ, ಬಿಡದ ಜ್ವರ, ಮಂಪರು, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ, ಭೇದಿ ಕಟ್ಟುವ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ, ಆಸ್ಪತ್ರೆಗೆ ಹೋಗಿರಿ. ಹಿಂದಿನ ಎರಡು ಮೂರು ದಿನಗಳಲ್ಲಿ ಎಲ್ಲಿ, ಏನು, ಯಾವಾಗ ತಿಂದಿರೆಂಬುದನ್ನು ವೈದ್ಯರಿಗೆ ಹೇಳಿರಿ. ಅದನ್ನು ಮುಚ್ಚಿಟ್ಟರೆ ಅದೇ ಕಡೆ ತಿನ್ನುವ ಇನ್ನೊಬ್ಬರ ಮಗುವಿಗೆ ನಾವು ಅಪಕಾರ ಮಾಡಿದಂತೆ.

ಪೆರ್ಲದ ತಾಯಿಗೆ ನಮ್ಮ ಉತ್ತರ ಹೀಗಿದೆ. ಮಗನನ್ನು ಗದರಿಸಬೇಡಿ, ಪರೀಕ್ಷಿಸಿ ನೋಡಬೇಕೆಂಬ ಅವನ ಬುದ್ಧಿ ಒಳ್ಳೆಯದೇ, ಆರಿಸಿಕೊಂಡ ಸಾಕ್ಷಿ ಮಾತ್ರ ಸರಿಯಿಲ್ಲ. ಮುಂದಿನ ಶನಿವಾರ ಅವನು ಪೊಟ್ಟಣವನ್ನು ನಿಮ್ಮ ಮೂಗಿನ ಹತ್ತಿರ ಹಿಡಿದಾಗ ಗೋಡೆಯ ಗಡಿಯಾರವನ್ನು ತೋರಿಸಿರಿ. ತಿನ್ನಲೇಬೇಕೆಂದಿದ್ದರೆ ಅಂಗಡಿಯ ಒಳಗನ್ನೂ ಮಾಡುವವರ ಕೈಯನ್ನೂ ನೋಡಿ, ಕಣ್ಣೆದುರು ಚೆನ್ನಾಗಿ ಬೆಂದುದನ್ನು ಅಲ್ಲಿಯೇ ಬಿಸಿಯಾಗಿ ತಿಂದು ಬರಲಿ. ತಂಗಿಗೆ ತರಲು ಬೇರೇನಾದರೂ ಸಿಕ್ಕೀತು, ಬಾಳೆಹಣ್ಣಿಗೇನು ಬರ?

ನಾವು ಇಂದಿಗೂ ಶಾಲೆಯ ಸಾಂಬಾರನ್ನು ರುಚಿ ನೋಡುತ್ತೇವೆ, ನಿಯಮವಲ್ಲವೇ? ಆದರೆ ಸೌಟು ಹಿಡಿಯುವ ಮೊದಲು ಅಡುಗೆಯ ಅಕ್ಕನನ್ನು ಕೇಳುತ್ತೇವೆ, ಒಲೆಯಿಂದ ಇಳಿಸಿದ್ದು ಎಷ್ಟು ಗಂಟೆಗೆಂದು. ಅವರು ನಗುತ್ತ ಸಮಯ ಹೇಳುತ್ತಾರೆ. ಆ ಸಮಯವನ್ನು ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ನಮ್ಮಲ್ಲಿ ತಟ್ಟೆಗಳ ಸದ್ದು.